ಅಲ್ಲಿ ಊಟಕ್ಕೇನು ಮಾಡ್ತೀರಿ?

ಜೆ.ಪಿ. ನಗರದಲ್ಲಿ ಯಾರಾದರೂ ಜಪಾನಿಗೆ ಹೊರಟಿದ್ದಾರೆಂದು ಗೊತ್ತಾದರೆ ನೆರೆಹೊರೆಯವರು ವಿಮಾನದ ದರ ಕೇಳುವ ಮೊದಲೇ ಊಟದ ವಿಷಯ ಕೇಳುತ್ತಾರೆ. ಪುಟ್ಟೇನಹಳ್ಳಿ ಕೆರೆಯ ಸುತ್ತ ಬೆಳಗ್ಗೆ ನಡೆಯುವವರೂ ಅಷ್ಟೇ, ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಆರಿಸುವವರೂ ಅಷ್ಟೇ. ಉತ್ತರವೂ ಅವರ ಬಳಿಯೇ ಇರುತ್ತದೆ: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಬಿಸಿನೀರು ಸುರಿದರೆ ಉಪ್ಪಿಟ್ಟಾಗುವ ಪೊಟ್ಟಣ, ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್. ಇನ್ನೂ ಅನುಕೂಲಸ್ಥರಿಗೆ ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ಪ್ರವಾಸ ಕಂಪನಿಗಳಿವೆ. ಬೆಳಗ್ಗೆ ಕ್ಯೋಟೋದ ದೇಗುಲ, ಮಧ್ಯಾಹ್ನ ದಾಲ್ ಚಪಾತಿ.

ಇದನ್ನು ಗೇಲಿ ಮಾಡುವುದು ಸುಲಭ. ಆದರೆ ಹುಟ್ಟಿದಾಗಿನಿಂದ ಮೀನು ಮಾಂಸ ಮುಟ್ಟದವರಿಗೆ ಆ ಭಯ ನಿಜವಾದದ್ದು. ನನ್ನನ್ನು ಕಾಡುವುದು ಬೇರೆ ವಿಚಾರ. ಜಪಾನಿನ ಸಂಪ್ರದಾಯ ನೋಡಬೇಕು, ಅದರ ಊಟ ಮಾತ್ರ ಬೇಡ ಎಂದು ಯೋಜನೆ ಹಾಕಿದರೆ ನಾವು ಹೋಗುತ್ತಿರುವುದು ಎಲ್ಲಿಗೆ? ಅತಿಥಿಯನ್ನು ದೇವರಂತೆ ಕಾಣಬೇಕೆಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಅತಿಥಿಯಾಗಿ ಹೋದವನ ಧರ್ಮವೇನು ಎಂಬುದನ್ನು ಅಷ್ಟೇ ಒತ್ತಿ ಯಾರೂ ಹೇಳಿದಂತಿಲ್ಲ. ಕೊಡುವುದರ ಕಥೆಗಳೇ ನಮ್ಮಲ್ಲಿ ಜಾಸ್ತಿ. ನಮ್ಮ ಬಡಾವಣೆಯ ಅಂಚಿನ ರಾಗಿಗುಡ್ಡದ ಕಥೆಯೂ ಅಂಥದ್ದೇ. ದಾಸರ ವೇಷದಲ್ಲಿ ಬಂದವರಿಗೆ ಸುಧರ್ಮೆ ಎಂಬ ಸೊಸೆ ಮೊರದ ತುಂಬ ರಾಗಿ ಕೊಡಹೊರಟಳಂತೆ, ಅತ್ತೆ ತಡೆದಳಂತೆ, ರಾಗಿಯ ರಾಶಿ ಕಲ್ಲಾಯಿತಂತೆ. ಬಂದ ದಾಸರೇ ಸುಧರ್ಮೆಯ ರಾಗಿ ತಮಗೆ ಆಗಿಬರುವುದಿಲ್ಲ ಎಂದು ಮುಖ ತಿರುಗಿಸಿದ್ದರೆ ಕಥೆ ಏನಾಗುತ್ತಿತ್ತು? ಸ್ಥಳಪುರಾಣ ಅದನ್ನು ಯೋಚಿಸುವುದಿಲ್ಲ.

ಕನ್ನಡಿಗರಿಗೆ ಜಪಾನ್ ಬಹುಕಾಲ ಪಾಠ ಹೇಳುವ ದೇಶವಾಗಿತ್ತು. ಇನ್ನೂ ಮುಂಬಯಿ ಪ್ರಾಂತ್ಯದ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು 1898ರಲ್ಲಿ ಅಲ್ಲಿಗೆ ಹೋದರು. ಅವರ ಕಣ್ಣಿದ್ದದ್ದು ಶಾಲೆ, ಕಾರ್ಖಾನೆಗಳ ಮೇಲೆ. ನೂರು ವರ್ಷದ ಮೇಲೆ ಬಿಡದಿಯಲ್ಲಿ ಟೊಯೋಟಾ ಕಾರು ತಯಾರಾಗತೊಡಗಿದಾಗ ನಾವು ಕಲಿತದ್ದೂ ಕೆಲಸದ ಶಿಸ್ತನ್ನೇ. ಆ ದೇಶದ ಎಲೆಯ ಮುಂದೆ ಕೂರುವ ಪ್ರಸಂಗ ಬರತೊಡಗಿದ್ದು ಈಚೆಗೆ, ಅದೂ ರಜೆಯ ದುಡ್ಡು ಕೂಡಿಟ್ಟ ಮೇಲೆ.

ಕೂತರೆ ಎದುರಾಗುವ ಮೊದಲ ತೊಡಕು ದಾಶಿ. ಕಟ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಅದನ್ನು ಹೂಪಕಳೆಯಷ್ಟು ತೆಳ್ಳಗೆ ಹೆರೆಯುತ್ತಾರೆ. ಆ ಹೆರಕಲನ್ನು ಬಿಸಿನೀರಿನಲ್ಲಿ ಕ್ಷಣಕಾಲ ಮುಳುಗಿಸಿ ಸೋಸಿದರೆ ತಿಳಿಯಾದ ರಸ ಬರುತ್ತದೆ. ಹೋಳಿಗೆ ಸಾರಿಗೆ ಬೇಳೆಯ ಕಟ್ಟು ಹೇಗೋ ಜಪಾನಿನ ಅಡುಗೆಗೆ ದಾಶಿ ಹಾಗೆ. ಮಿಸೊ ಸಾರಿನಲ್ಲಿ ಅದಿದೆ, ಸೋಬಾ ಶಾವಿಗೆಯನ್ನು ಅದ್ದಿ ತಿನ್ನುವ ರಸದಲ್ಲಿದೆ, ಬರೀ ತರಕಾರಿ ಎಂದು ಕಾಣುವ ಪಲ್ಯದಲ್ಲೂ ಇದೆ. ‘ಮೀನಿಲ್ಲ ತಾನೆ?’ ಎಂದು ಕೇಳಿದರೆ ‘ಇಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ. ತುಂಡು ಮೀನು ಅದರಲ್ಲಿ ಇರುವುದಿಲ್ಲ. ಅವರ ಮಟ್ಟಿಗೆ ದಾಶಿ ಒಂದು ಪದಾರ್ಥವೇ ಅಲ್ಲ, ಅಡುಗೆಯ ನೀರು.

ಇಲ್ಲಿಗೆ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ. ಕಣ್ಣಿಗೆ ಕಾಣದ, ಮೂಗಿಗೂ ಸರಿಯಾಗಿ ಹತ್ತದ ಆ ರಸವನ್ನು ಬೇಡವೆನ್ನುವಾಗ ಬೇಡವೆನ್ನುವುದು ನನ್ನ ವ್ರತವೋ, ಬರೀ ರೂಢಿಯೋ? ವ್ರತವಾದರೆ ಅದಕ್ಕೊಂದು ಸಂಕಲ್ಪ ಇರಬೇಕು. ಜೀವಹಿಂಸೆ ಬೇಡ ಎಂಬ ಸಂಕಲ್ಪ ನನ್ನದಾದರೆ ರೆಸ್ಟೋರೆಂಟಿನ ಹಾಲಿನ ಐಸ್‌ಕ್ರೀಮಿನ ಬಗ್ಗೆಯೂ ಕಾಲ ಕೆಳಗಿನ ಚರ್ಮದ ಚಪ್ಪಲಿಯ ಬಗ್ಗೆಯೂ ನಾನು ಯೋಚಿಸಿರಬೇಕಿತ್ತು. ನಮ್ಮಲ್ಲಿ ಬಹಳಷ್ಟು ಜನ ಯೋಚಿಸಿಲ್ಲ. ‘ನಮ್ಮಲ್ಲಿ ತಿನ್ನೋದಿಲ್ಲ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ‘ನಮ್ಮಲ್ಲಿ’ ಎಷ್ಟು ಮಂದಿಯನ್ನು ಹೊರಗಿಟ್ಟಿತ್ತು, ಇಟ್ಟಿದೆ ಎಂಬುದು ಪಂಕ್ತಿಭೇದ ಕಂಡ ನಾಡಿನವರಿಗೆ ಬಿಡಿಸಿ ಹೇಳಬೇಕಾದ್ದಲ್ಲ.

ಇನ್ನು ಸಾಂಪ್ರದಾಯಿಕ ಜಪಾನಿ ಊಟ ಎಂದರೆ ಯಾವುದು? 675ರಲ್ಲಿ ತೆಮ್ಮು ಚಕ್ರವರ್ತಿ ವರ್ಷದ ಕೆಲವು ತಿಂಗಳು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಮುಂದೆ ಅನೇಕ ಶತಮಾನಗಳ ಕಾಲ, ಕದ್ದುಮುಚ್ಚಿ ತಿನ್ನುವವರು ಇದ್ದರೂ, ಮಾಂಸವೆಂದರೆ ಅಲ್ಲಿ ಹಿಂಜರಿಕೆಯ ವಿಷಯವೇ ಆಗಿತ್ತು. ಮೇಜಿ ಚಕ್ರವರ್ತಿ ಗೋಮಾಂಸ ತಿಂದ ಸುದ್ದಿ ಜಗಜ್ಜಾಹೀರಾದದ್ದು 1872ರಲ್ಲಿ. ಇವತ್ತು ಪ್ರವಾಸಿಗಳು ಹಳೆಯ ಜಪಾನನ್ನು ಹುಡುಕಿಕೊಂಡು ಹೋಗಿ ತಿನ್ನುವ ಸುಕಿಯಾಕಿ ಎಂಬ ಗೋಮಾಂಸದ ಅಡುಗೆ ಆಮೇಲೆ ಹಬ್ಬಿದ್ದು. ಟೆಂಪುರಾ ಹದಿನಾರನೆಯ ಶತಮಾನದ ಪೋರ್ಚುಗೀಸರಿಂದ ಬಂದದ್ದು. ಅದೇ ಪೋರ್ಚುಗೀಸರು ಅದೇ ಶತಮಾನದಲ್ಲಿ ನಮಗೆ ಮೆಣಸಿನಕಾಯಿ ಕೊಟ್ಟರು. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಸಾರಿನ ಪುಡಿ, ಆಲೂಗಡ್ಡೆ ಇಲ್ಲದ ಮಸಾಲೆ ದೋಸೆ ಯಾರಿಗೆ ಬೇಕು? ಕ್ಯೋಟೋದಿಂದ ಒಬ್ಬರು ಕನ್ನಡದ ಪ್ರಾಚೀನ ಊಟ ಬೇಕೆಂದು ಜೆ.ಪಿ. ನಗರಕ್ಕೆ ಬಂದರೆ ಅವರನ್ನು ಯಾವ ದರ್ಶಿನಿಗೂ ಕರೆದೊಯ್ಯುವಂತಿಲ್ಲ. ಶ್ರಾದ್ಧದ ಮನೆಗೇ ಕರೆದೊಯ್ಯಬೇಕು. ಮೆಣಸಿನಕಾಯಿಯ ಬದಲು ಕಾಳುಮೆಣಸು, ಎಲೆಕೋಸು ಕ್ಯಾರೆಟ್ಟುಗಳ ಸುಳಿವಿಲ್ಲದ ಪಲ್ಯ: ವಾಸ್ಕೋಡಗಾಮ ಬರುವ ಮುಂಚಿನ ಅಡುಗೆಮನೆಯನ್ನು ನಾವು ಪಿತೃಗಳಿಗಾಗಿ ಮಾತ್ರ ಉಳಿಸಿಕೊಂಡಿದ್ದೇವೆ.

ಜಪಾನಿನಲ್ಲೂ ಹಳೆಯ ಅಡುಗೆ ಉಳಿದಿರುವುದು ಇಂಥ ಕಡೆಯೇ. ಬೌದ್ಧ ಮಠಗಳ ಶೋಜಿನ್ ರ್ಯೋರಿಯಲ್ಲಿ ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿ ಜಾತಿಯ ಘಾಟು ಪದಾರ್ಥಗಳೂ ಇಲ್ಲ. ದಾಶಿಯನ್ನು ಕೊಂಬು ಎಂಬ ಕಡಲಪಾಚಿಯಿಂದ, ಒಣಗಿದ ಶಿಟಾಕೆ ಅಣಬೆಯಿಂದ ತೆಗೆಯುತ್ತಾರೆ. (ಘಾಟು ಪದಾರ್ಥಗಳ ಕೆಲವು ಬೌದ್ಧ ಪಟ್ಟಿಗಳಲ್ಲಿ ಇಂಗೂ ಸೇರಿದೆ. ಅಂದರೆ ಅವರ ಮಡಿಗೆ ನಮ್ಮ ಮಡಿಸಾರೇ ಮೈಲಿಗೆ.) ಈ ಅಡುಗೆಗೆ ಹೆಸರಾದ ಸ್ಥಳ ಒಸಾಕಾದ ದಕ್ಷಿಣಕ್ಕಿರುವ ಕೋಯಾ ಬೆಟ್ಟ. ನಂಬಾ ನಿಲ್ದಾಣದಿಂದ ರೈಲು, ಕೊನೆಗೆ ಕೇಬಲ್ ಕಾರು. ಬೆಂಗಳೂರಿಗಿಂತ ಸ್ವಲ್ಪ ತಗ್ಗಿನಲ್ಲಿ, ಸುಮಾರು 800 ಮೀಟರ್ ಎತ್ತರದಲ್ಲಿ ದೇಗುಲಗಳ ಊರು. ಐವತ್ತರಷ್ಟು ಮಠಗಳಲ್ಲಿ ಪ್ರವಾಸಿಗಳು ರಾತ್ರಿ ತಂಗಬಹುದು. ಸಂಜೆ, ಬೆಳಗ್ಗೆ ಶೋಜಿನ್ ಊಟ. ಚಳಿಗೆ ಹೆಪ್ಪುಗಟ್ಟಿಸಿ ಒಣಗಿಸಿದ ತೋಫುವಿಗೆ ಆ ಬೆಟ್ಟದ ಹೆಸರೇ ಇದೆ. ಎಳ್ಳಿನ ತೋಫುವಿನಲ್ಲಿ ಸೋಯಾ ಇರುವುದೇ ಇಲ್ಲ, ಎಳ್ಳು ಅರೆದು ಕುಡ್ಜು ಗೆಡ್ಡೆಯ ಹಿಟ್ಟಿನಲ್ಲಿ ಕಾಸಿ ಗಟ್ಟಿ ಮಾಡಿದ್ದು.

ನಮ್ಮ ಮನೆಯವರೂ ಜಪಾನಿಗೆ ಹೊರಡುವ ಯೋಚನೆಯಲ್ಲಿದ್ದಾಗ ಕೋಯಾ ನನಗೆ ಊಟದ ಸಮಸ್ಯೆಗೆ ಪರಿಹಾರವಾಗಿ ಸಿಕ್ಕಿತು. ಓದುತ್ತ ಹೋದಂತೆ ಅದು ಬೇರೆಯೇ ಆಯಿತು. 816ರಲ್ಲಿ ಈ ಕ್ಷೇತ್ರವನ್ನು ಕಟ್ಟಿದ ಕೂಕೈ 835ರಲ್ಲಿ ತೀರಿಕೊಂಡನೆಂದು ಅಲ್ಲಿನ ಭಕ್ತರು ಒಪ್ಪುವುದಿಲ್ಲ. ಓಕುನೊಇನ್‌ನ ಸಮಾಧಿಮಂದಿರದೊಳಗೆ ಆತ ಇಂದಿಗೂ ಧ್ಯಾನದಲ್ಲಿದ್ದಾನೆ. ಆದ್ದರಿಂದ ದಿನಕ್ಕೆರಡು ಸಲ, ಬೆಳಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಭಿಕ್ಷುಗಳು ಮರದ ಪೆಟ್ಟಿಗೆಯಲ್ಲಿ ಆತನಿಗೆ ಊಟ ಒಯ್ಯುತ್ತಾರೆ. ದಾರಿಯಲ್ಲಿ ರುಚಿ ನೋಡುವ ಜಿಜೋ ಮೂರ್ತಿಯ ಮುಂದೆ ಮೊದಲು ಇಟ್ಟು ಆಮೇಲೆ ಒಳಗೆ. ಈಚೆಗೆ ಆ ಊಟದಲ್ಲಿ ಪಾಸ್ತಾದಂಥದ್ದೂ ಒಮ್ಮೊಮ್ಮೆ ಇರುತ್ತದಂತೆ.

ಜಯನಗರ ಐದನೇ ಬ್ಲಾಕಿನ ರಾಯರ ಮಠಕ್ಕೆ ಗುರುವಾರ ಹೋಗುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. 1671ರಲ್ಲಿ ಮಂತ್ರಾಲಯದಲ್ಲಿ ಸಜೀವವಾಗಿ ವೃಂದಾವನ ಪ್ರವೇಶಿಸಿದ ರಾಘವೇಂದ್ರ ಸ್ವಾಮಿಗಳು ಒಳಗೆ ಇದ್ದಾರೆ. ಅವರಿಗೆ ಹಸ್ತೋದಕವೆಂಬ ಅನ್ನದ ಅರ್ಪಣೆ ಸಲ್ಲುತ್ತದೆ. ಇಬ್ಬರ ನಡುವೆ ಎಂಟು ಶತಮಾನ, ಒಂದು ಸಮುದ್ರ, ಎರಡು ಮತಗಳು. ಕೊಂಡಿ ಹುಡುಕುವ ಆಸೆ ಬರುತ್ತದೆ. ಕೂಕೈ ಚೀನಾದ ರಾಜಧಾನಿಯಲ್ಲಿ ಭಾರತದ ಪ್ರಜ್ಞ ಎಂಬ ಭಿಕ್ಷುವಿನ ಬಳಿ ಕಲಿತದ್ದು ನಿಜ, ಕೋಯಾದಲ್ಲಿ ಈಗಲೂ ಹೋಮ ನಡೆಯುವುದು, ಗೋರಿಯ ಹಲಗೆಗಳ ಮೇಲೆ ಸಿದ್ಧಂ ಲಿಪಿಯ ಸಂಸ್ಕೃತ ಬೀಜಾಕ್ಷರ ಬರೆಯುವುದೂ ನಿಜ. ಆದರೂ ‘ಎಲ್ಲ ನಮ್ಮಿಂದಲೇ ಹೋದದ್ದು’ ಎಂದು ಎದೆಯುಬ್ಬಿಸುವುದು ಅತಿಥಿಗೆ ಹೇಳಿಸಿದ ಮಾತಲ್ಲ. ಉಣ್ಣಲು ಕೂತ ಮನೆಯಲ್ಲಿ ಪಾತ್ರೆ ಎತ್ತಿ ತಳದಲ್ಲಿ ಯಾರ ಹೆಸರು ಕೆತ್ತಿದೆಯೆಂದು ನೋಡಬಾರದು. ನನ್ನನ್ನು ತಟ್ಟಿದ್ದು ಇನ್ನೊಂದು: ಎರಡೂ ಕಡೆ ಊಟ ಯಾರ ಹಸಿವೆಗೂ ಅಲ್ಲ. ಉಣ್ಣುವವರು ಕಾಣುವುದಿಲ್ಲ, ಅಡುಗೆ ಮಾತ್ರ ಒಂದು ದಿನವೂ ತಪ್ಪುವಂತಿಲ್ಲ. ರುಚಿಗೂ ಪುಷ್ಟಿಗೂ ಆಚೆ, ‘ನೀವಿದ್ದೀರಿ’ ಎಂದು ಒಬ್ಬರಿಗೆ ಹೇಳುವ ಬಗೆಯಾಗಿ ಅನ್ನ ಅಲ್ಲಿ ಉಳಿದಿದೆ.

ಇಷ್ಟೆಲ್ಲ ಹೇಳುವಾಗ ಕೋಯಾವನ್ನು ತಲೆ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. 1872ರಲ್ಲಿ ಸರ್ಕಾರ ನಿಷೇಧ ತೆಗೆಯುವವರೆಗೆ ಆ ಬೆಟ್ಟಕ್ಕೆ ಹೆಂಗಸರು ಹತ್ತುವಂತಿರಲಿಲ್ಲ. ಅವರು ಹೊರಗೇ ನಿಂತು ಪ್ರಾರ್ಥಿಸಲು ಕಟ್ಟಿದ್ದ ಮಂದಿರಗಳಲ್ಲಿ ಒಂದು ಇನ್ನೂ ಇದೆ. ಶುದ್ಧಿಯ ಲೆಕ್ಕಾಚಾರ ಎಲ್ಲಿ ಬೆಳೆದರೂ ಕೊನೆಗೆ ಯಾರನ್ನೋ ಬಾಗಿಲ ಹೊರಗೆ ನಿಲ್ಲಿಸುತ್ತದೆ. ಇವತ್ತು ದುಡ್ಡು ಕೊಟ್ಟ ಯಾರಿಗಾದರೂ, ಯಾವ ಜಾತಿ ದೇಶದವರಿಗಾದರೂ ಅದೇ ಕೆಂಪು ಮೆರುಗಿನ ಬಟ್ಟಲುಗಳಲ್ಲಿ ಬಡಿಸುತ್ತಾರೆ. ವ್ಯಾಪಾರವೂ ಕೆಲವು ಗೋಡೆ ಬೀಳಿಸುತ್ತದೆ ಎಂದು ಒಪ್ಪಿಕೊಳ್ಳೋಣ.

ಅತಿಥಿಧರ್ಮದ ಮಾತಿಗೆ ಬರುತ್ತೇನೆ. 736ರಲ್ಲಿ ಭಾರತದ ಬೋಧಿಸೇನ ಎಂಬ ಭಿಕ್ಷು ಜಪಾನಿಗೆ ಹೋದ. 752ರಲ್ಲಿ ನಾರಾದ ತೊದಾಯ್‌ಜಿಯ ಮಹಾಬುದ್ಧನಿಗೆ ಕಣ್ಣು ಬರೆದವನು ಆತನೇ. ನಮ್ಮ ಶಿಲ್ಪಿಗಳು ನೇತ್ರೋನ್ಮೀಲನ ಎನ್ನುವ ಕ್ರಿಯೆ ಅದು. ಎರಡು ದಶಕಕ್ಕೂ ಮೀರಿ ಅಲ್ಲಿದ್ದು ಅಲ್ಲೇ ಸತ್ತ. ಆತ ಭಿಕ್ಷಾಪಾತ್ರೆ ಹಿಡಿದವನು, ಬಿದ್ದದ್ದನ್ನು ಉಣ್ಣಬೇಕಾದವನು. ನಮ್ಮದು ಆ ಎತ್ತರವಲ್ಲ. ನಮಗೆ ಬೇಡವೆನ್ನುವ ಹಕ್ಕು ಇದೆ, ಬೇಡವೆನ್ನುವ ಹೊತ್ತು ಯಾವುದೆಂದು ತಿಳಿದಿದ್ದರೆ ಸಾಕು. ಜಪಾನಿನ ಸಾಂಪ್ರದಾಯಿಕ ವಸತಿಗೃಹಗಳಲ್ಲಿ ರಾತ್ರಿಯ ಊಟದ ಒಂದೊಂದು ಬಟ್ಟಲನ್ನೂ ಋತು ನೋಡಿ ಮೊದಲೇ ಯೋಚಿಸಿರುತ್ತಾರೆ. ಕೋಣೆ ಕಾದಿರಿಸುವಾಗಲೇ ಮೀನಿನ ದಾಶಿಯೂ ಆಗದು ಎಂದು ತಿಳಿಸಿದರೆ ಕೆಲವರು ಒಪ್ಪಿಕೊಂಡು ಬೇರೆಯೇ ಊಟ ಸಿದ್ಧಪಡಿಸುತ್ತಾರೆ, ಕೆಲವರು ಆಗುವುದಿಲ್ಲವೆಂದು ಕ್ಷಮೆ ಕೇಳುತ್ತಾರೆ. ಏನೂ ತಿಳಿಸದೆ ಹೋಗಿ, ಬಡಿಸಿದ ಮೇಲೆ ಬಟ್ಟಲು ಸರಿಸಿದರೆ ಅಡುಗೆಯವನ ದಿನವೇ ಹಾಳು. ಗುಟ್ಟಾಗಿ ಕೋಣೆಯಲ್ಲಿ ಕುಕ್ಕರ್ ಕೂಗಿಸುವುದಂತೂ ಆ ಮನೆಯಲ್ಲಿದ್ದೂ ಇಲ್ಲದಂತೆ.

ಹೀಗಾಗಿ ನಮ್ಮ ಯೋಜನೆಯಲ್ಲಿ ಉಪ್ಪಿಟ್ಟಿನ ಪೊಟ್ಟಣಗಳು ರೈಲಿನ ಹೊತ್ತಿಗೆ ಮಾತ್ರ ಎಂದಾಯಿತು. ಕ್ಯೋಟೋದಲ್ಲಿ ಕೊಂಬು ದಾಶಿಯ ತೋಫು ಊಟದ ಮನೆಗಳು, ಕೋಯಾದಲ್ಲಿ ಎರಡು ರಾತ್ರಿ. ಸೋಬಾದ ರಸದ ಬಗ್ಗೆ ಮನೆಯಲ್ಲಿ ಎರಡು ಪಕ್ಷ. ಕೇಳದೆ ಕುಡಿಯುವುದು ಮೋಸ ಎಂದು ಹೆಂಡತಿ, ಕೇಳಿ ತಿಳಿದ ಮೇಲೆ ಕುಡಿಯಲಾಗುವುದಿಲ್ಲವಲ್ಲ ಎಂದು ಮಗ. ಇಬ್ಬರದೂ ಸರಿ ಅನ್ನಿಸುತ್ತದೆ.

ತಿಂಗಳು ಮಾತ್ರ ಗೊತ್ತಾಗಿಲ್ಲ. ಆಗಸ್ಟ್ 13ರಂದು ಓಕುನೊಇನ್ ದಾರಿಯುದ್ದಕ್ಕೂ ಸಾವಿರಾರು ಮೇಣದಬತ್ತಿ ಹಚ್ಚುತ್ತಾರೆ, ಅದನ್ನು ನೋಡಬೇಕೆಂದು ನನ್ನಾಸೆ. ಅಮ್ಮ ಸುತರಾಂ ಒಪ್ಪುವುದಿಲ್ಲ. ಅದು ರಾಯರ ಆರಾಧನೆಯ ಸುಮಾರಿಗೇ ಬರುತ್ತದೆ, ಮೇಲಾಗಿ ಚಾತುರ್ಮಾಸ್ಯ: ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರಿಲ್ಲ, ಹಾಲಿಲ್ಲ, ಕೊನೆಗೆ ದ್ವಿದಳ ಧಾನ್ಯವಿಲ್ಲ. ತೋಫು ಸೋಯಾದ್ದು, ಸೋಯಾ ದ್ವಿದಳವೇ, ಆದ್ದರಿಂದ ಅಕ್ಟೋಬರೂ ಕಷ್ಟ ಎಂದು ಅವರು ಪಂಚಾಂಗ ತೋರಿಸಿದರು. ಉತ್ಥಾನ ದ್ವಾದಶಿ ಕಳೆದ ಮೇಲೆ ಹೊರಟರೆ ಕೋಯಾದಲ್ಲಿ ಮೇಪಲ್ ಎಲೆ ಉದುರಿರುತ್ತದೆ, ಕ್ಯೋಟೋದಲ್ಲಿ ಇನ್ನೂ ಕೆಂಪಗಿರುತ್ತದೆ. ಎಳ್ಳಿನ ತೋಫು ದ್ವಿದಳದ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದೆ. ಎಳ್ಳೇನೋ ಸರಿ, ಆ ಕುಡ್ಜು ಯಾವ ಜಾತಿಯ ಬಳ್ಳಿ ಎಂದು ಕೇಳಿದರು. ಹುರುಳಿಯ ಬಳಗದ್ದೇ.