ಇಂದಿನ ಚಿಂತನೆ: ಮರದ ಗಂಟು

 

ಹೋದ ವಾರ ನಮ್ಮ ಗುಂಪಿನಲ್ಲಿ ಒಬ್ಬರು ವೀಡಿಯೋ ಹಾಕಿದ್ದರು. ಯಾವುದೋ ದೂರದ ದೇಶದ ಬಡಗಿಯೊಬ್ಬ ಮರದ ದೊಡ್ಡ ಗಂಟನ್ನು ಲೇತ್ ಯಂತ್ರಕ್ಕೆ ಬಿಗಿದು ಬಟ್ಟಲು ಕಡೆಯುತ್ತಾನೆ. ಅಂಚನ್ನು ನುಣ್ಣಗೆ ಕತ್ತರಿಸುವುದಿಲ್ಲ, ತೊಗಟೆಯ ಏರುತಗ್ಗನ್ನು ಇದ್ದ ಹಾಗೇ ಬಿಡುತ್ತಾನೆ. ಕೊನೆಗೆ ಬಟ್ಟಲಿನ ಒಳಗೆಲ್ಲ ಸುಳಿ ಸುಳಿ, ಸಾವಿರ ಕಣ್ಣು. ಕೆಳಗೆ ಯಾರೋ ಬರೆದಿದ್ದರು, ನೋವು ತಿಂದ ಮರಕ್ಕೇ ಈ ಚೆಂದ ಬರುವುದು ಎಂದು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ.

ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಹಿರಿಯ ಉಪಾಸಿಕೆಯೊಬ್ಬರು ಕೇಳಿದರು: "ಆ ಮರಕ್ಕೆ ಪೆಟ್ಟು ಕೊಟ್ಟೋರು ಯಾರು ಅಂತ ಅದ್ರಲ್ಲಿ ಹೇಳಿಲ್ವಲ್ಲಪ್ಪ?"

"ಮರಕ್ಕೆ ಯಾರಮ್ಮ ಪೆಟ್ಟು ಕೊಡ್ತಾರೆ? ಹುಳ ಹೊಡೆದಿರುತ್ತೆ" ಅಂದೆ.

"ಹುಳ ಆದ್ರೆ ಸರಿ. ನಮ್ಮನ್ನ ಹುಳ ಕಡೀಲಿಲ್ಲ."

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು ಅವರು. ಬಿಟ್ಟರು ಅನ್ನುವುದಕ್ಕಿಂತ ಬಿಡಿಸಿದರು ಅನ್ನಬೇಕು. ಕಂಡವರೆಲ್ಲ ಅವರನ್ನು "ಎಂಥ ಗಟ್ಟಿ ಹೆಂಗಸು, ಎಷ್ಟೊಂದು ತಾಳ್ಮೆ" ಎಂದು ಹೊಗಳುತ್ತಾರೆ. ಆ ಹೊಗಳಿಕೆಗೆ ಅವರು ಒಂದು ದಿನವೂ ನಕ್ಕಿದ್ದನ್ನು ನಾನು ನೋಡಿಲ್ಲ. ಯಾಕೆ ಎಂದು ಅವತ್ತು ಅರ್ಥವಾಯಿತು.

ಮರದ ಗಂಟು ಆಗುವುದು ಹೀಗೆ. ಚಿಗುರಬೇಕಾದ ಮೊಗ್ಗುಗಳು ಹೊರಗೆ ಬರಲಾಗದೆ ತೊಗಟೆಯ ಒಳಗೇ ಗುಂಪು ಕಟ್ಟುತ್ತವೆ. ಗಾಯವೋ, ಬೂಷ್ಟೋ, ಕೀಟವೋ, ಒಂದೊಂದು ಮರಕ್ಕೆ ಒಂದೊಂದು ಕಾರಣ. ಸಿಕ್ಕಿಬಿದ್ದ ಮೊಗ್ಗುಗಳ ಸುತ್ತ ಮರದ ಎಳೆ ದಿಕ್ಕುತಪ್ಪಿ ಸುತ್ತಿಕೊಂಡು ಬೆಳೆದು, ಕಾಂಡದ ಮೇಲೆ ಬುಗುಟಿನ ಹಾಗೆ ಉಬ್ಬುತ್ತದೆ. ಕಡೆದಾಗ ಕಾಣುವ ಒಂದೊಂದು ಕಣ್ಣೂ ಕೊಂಬೆಯಾಗಬಹುದಾಗಿದ್ದ ಒಂದು ಮೊಗ್ಗು. ನಾವು ಬಟ್ಟಲಿನಲ್ಲಿ ನೋಡಿ ಬೆರಗಾಗುತ್ತಿರುವುದು ಬಾರದೇ ಹೋದ ಕೊಂಬೆಗಳನ್ನು.

ಹಾಗಾದರೆ ನೋವಿನಿಂದ ಚೆಂದ ಹುಟ್ಟುತ್ತದೆ ಎನ್ನುವುದು ಸುಳ್ಳೇ? ಪೂರ್ತಿ ಸುಳ್ಳು ಎನ್ನಲಾರೆ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದದ್ದು ಸುಖದ ಸುಪ್ಪತ್ತಿಗೆಯಿಂದಲ್ಲ. ನಮ್ಮ ತಮಟೆ, ನಮ್ಮ ಹಾಡು, ನಮ್ಮ ಮಾತಿನ ಖಾರ, ಎಲ್ಲದರಲ್ಲೂ ಆ ಸುಳಿ ಇದೆ. ಆದರೆ ಗಂಟು ತಾನಾಗಿ ಬಟ್ಟಲಾಗುವುದಿಲ್ಲ. ಎಷ್ಟೋ ಗಂಟು ಕಾಡಿನಲ್ಲೇ ಕೊಳೆಯುತ್ತವೆ, ಒಲೆಗೆ ಹೋಗುತ್ತವೆ. ಹಾಡಿದ ಒಬ್ಬನನ್ನು ತೋರಿಸಿ 'ನೋವು ಕವಿಯನ್ನು ಮಾಡಿತು' ಎನ್ನುವವರು, ಅದೇ ನೋವಿನಲ್ಲಿ ದನಿ ಸತ್ತುಹೋದ ಅವನ ಓಣಿಯವರನ್ನು ಎಣಿಸುವುದಿಲ್ಲ.

ಇಲ್ಲಿ ಬಾಬಾಸಾಹೇಬರು ಬೇಕಾಗುತ್ತಾರೆ. ಅವರ ಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ, ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ ಎನ್ನುವ ವಾದವನ್ನು ಅವರು ತೀಕ್ಷ್ಣವಾಗಿ ಪ್ರಶ್ನಿಸುತ್ತಾರೆ. ಬಡವರ, ಕೆಳಗೆ ತಳ್ಳಲ್ಪಟ್ಟವರ ಸ್ಥಿತಿಗೆ ರಾಜ್ಯ ಮತ್ತು ಸಮಾಜ ಹೊಣೆ ಹೊರದೆ ತಪ್ಪಿಸಿಕೊಳ್ಳಲು ಮಾತ್ರ ಆ ವಾದ ಉಪಯೋಗ ಎಂಬುದು ಅವರ ನಿಲುವು. 'ನಿನ್ನ ಕರ್ಮ, ಅನುಭವಿಸು' ಎಂದು ಈಗ ಮುಖಕ್ಕೆ ಹೇಳುವವರು ಕಡಿಮೆ. ಅದರ ಬದಲು 'ನಿನ್ನ ನೋವೇ ನಿನ್ನ ಚೆಂದ' ಎನ್ನುತ್ತಾರೆ. ಮಾತು ಮೆತ್ತಗಾಗಿದೆ. ಪೆಟ್ಟು ಕೊಟ್ಟ ಕೈ ಮಾತ್ರ ಎರಡರಲ್ಲೂ ಕಾಣುವುದಿಲ್ಲ.

ವೀಡಿಯೋವನ್ನು ಮತ್ತೆ ನೋಡಿದೆ, ಈ ಸಲ ಬಟ್ಟಲನ್ನಲ್ಲ, ಬಡಗಿಯ ಕೈಯನ್ನು. ಅಂಚು ಏರುತಗ್ಗಾಗಿರುವುದರಿಂದ ಒಂದೊಂದು ಸುತ್ತಿನಲ್ಲೂ ಉಳಿಗೆ ಅರ್ಧ ಹೊತ್ತು ಮರ ಸಿಗುತ್ತದೆ, ಅರ್ಧ ಹೊತ್ತು ಬರೀ ಗಾಳಿ. ಗಾಳಿ ಸಿಕ್ಕಾಗ ಕೈ ಮುಂದಕ್ಕೆ ಜಾರಿದರೆ, ಮರುಗಳಿಗೆಗೆ ತಿರುಗಿ ಬರುವ ಮರ ಉಳಿಯನ್ನು ಒದೆಯುತ್ತದೆ, ತೊಗಟೆ ಸಿಡಿಯುತ್ತದೆ. ಅದಕ್ಕೇ ಮುಖಕ್ಕೆ ಗಾಜಿನಂಥ ಕವಚ. ತಿರುಗುವಾಗ ಆ ಅಂಚು ಮಸುಕು ಮಸುಕಾಗಿ ಕಾಣುತ್ತದೆ, ಮರೆತು ಬೆರಳು ತಗುಲಿಸಿದರೆ ಬೆರಳಿಗೆ ಗಾಯ. ಅಂಚಿನ ಹತ್ತಿರದ ಕೆಲಸವನ್ನು ಮೊದಲೇ ಮುಗಿಸಬೇಕು, ಒಳಗೆಲ್ಲ ತೆಳುವಾದ ಮೇಲೆ ಬಟ್ಟಲು ನಡುಗುತ್ತದೆ, ಆಮೇಲೆ ಅಲ್ಲಿಗೆ ಉಳಿ ಹಚ್ಚುವ ಹಾಗಿಲ್ಲ. ಈ ಮನುಷ್ಯ ನೋವನ್ನು ಪೂಜಿಸುತ್ತಿಲ್ಲ. ಎಲ್ಲಿ ಮರ ಇದೆ, ಎಲ್ಲಿ ಇಲ್ಲ, ಎಳೆ ಎತ್ತ ತಿರುಗಿದೆ ಎಂದು ತಿಳಿದುಕೊಳ್ಳುತ್ತಿದ್ದಾನೆ, ಅಷ್ಟೇ.

ಸತಿಪಟ್ಠಾನ ಸುತ್ತದಲ್ಲಿ ಉಸಿರಿನ ಅರಿವಿಗೆ ಭಗವಾನ್ ಬುದ್ಧರು ಕೊಟ್ಟ ಹೋಲಿಕೆ ರಾಜನದಲ್ಲ, ಋಷಿಯದಲ್ಲ. ಮರ ಕಡೆಯುವವನದು. ಪಾಲಿಯಲ್ಲಿ ಭಮಕಾರ. ಆಗ ಕರೆಂಟಿಲ್ಲ, ಎಳೆದು ತಿರುಗಿಸುವ ಯಂತ್ರ. ಚನ್ನಪಟ್ಟಣದಲ್ಲಿ ಬಿಲ್ಲಿನಿಂದ ಎಳೆದು ಗೊಂಬೆ ಕಡೆಯುವ ಹಳೆಯ ಕ್ರಮವನ್ನು ಕಂಡವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಬಲ್ಲ ಕಸುಬುದಾರ, ಅವನ ಕೈಕೆಳಗೆ ಕಲಿಯುವ ಹುಡುಗ ಕೂಡ, ಉದ್ದ ಎಳೆದಾಗ ಉದ್ದ ಎಂದೇ ತಿಳಿಯುತ್ತಾನೆ, ಗಿಡ್ಡ ಎಳೆದಾಗ ಗಿಡ್ಡ ಎಂದೇ ತಿಳಿಯುತ್ತಾನೆ. ಅದೇ ಸುತ್ತ ಮುಂದೆ ವೇದನೆಗೂ ಇದನ್ನೇ ಹೇಳುತ್ತದೆ: ದುಃಖವಾದಾಗ ದುಃಖ ಎಂದೇ ತಿಳಿಯುವುದು. ವರ ಎಂದಲ್ಲ, ಪರೀಕ್ಷೆ ಎಂದೂ ಅಲ್ಲ.

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಮರದ ಬಟ್ಟಲಿನ ಕಥೆ ಇದೆ. ರಾಜಗೃಹದ ಶ್ರೇಷ್ಠಿಯೊಬ್ಬನಿಗೆ ಬೆಲೆಬಾಳುವ ಶ್ರೀಗಂಧದ ತುಂಡು ಸಿಗುತ್ತದೆ. ಪಾಲಿಯಲ್ಲಿ ಆ ತುಂಡಿಗೆ ಇರುವ ಹೆಸರು ಚಂದನಗಂಠಿ. ಗಂಠಿ ಎಂದರೆ ನಮ್ಮ ಗಂಟೇ. ಪುಡಿಯನ್ನು ತಾನಿಟ್ಟುಕೊಂಡು ಪಾತ್ರೆಯನ್ನು ದಾನ ಕೊಡುತ್ತೇನೆ ಎಂದುಕೊಳ್ಳುತ್ತಾನೆ. ಒಳ್ಳೆಯ ಯೋಚನೆಯೇ. ಆದರೆ ಕೊಡುವ ಬದಲು ಬಿದಿರಿನ ಮೇಲೆ ಬಿದಿರು ಕಟ್ಟಿ ತುದಿಯಲ್ಲಿ ತೂಗುಹಾಕಿ, ಋದ್ಧಿಯುಳ್ಳ ಅರಹಂತ ಇದ್ದರೆ ಇಳಿಸಿಕೊಳ್ಳಲಿ ಎನ್ನುತ್ತಾನೆ. ಪಿಂಡೋಲ ಭಾರದ್ವಾಜ ಥೇರರು ಗಾಳಿಯಲ್ಲಿ ಹಾರಿ ತಂದರಂತೆ. ಹಾರಿದ ಮಾತು ಹಾಗಿರಲಿ, ನಾವು ಬಾಬಾಸಾಹೇಬರ ಓದುಗರು. ಮುಂದೆ ನಡೆದದ್ದು ಮುಖ್ಯ. ತಥಾಗತರು ಥೇರರನ್ನು ಗದರಿಸಿದರು, ಆ ಪಾತ್ರೆಯನ್ನು ಚೂರು ಚೂರು ಮಾಡಿಸಿದರು. ಚೂರನ್ನು ಎಸೆಯಲಿಲ್ಲ, ತೇಯ್ದು ಅಂಜನಕ್ಕೆ ಬೆರೆಸಲು ಭಿಕ್ಖುಗಳಿಗೆ ಕೊಡಿಸಿದರು. ಮರದ ಪಾತ್ರೆ ಬೇಡ, ಕಬ್ಬಿಣದ್ದು ಮಣ್ಣಿನದು ಸಾಕು ಎಂದು ನಿಯಮ ಮಾಡಿದರು.

ಮೊದಲ ಸಲ ಓದಿದಾಗ ಅಷ್ಟು ಚೆಂದದ ವಸ್ತುವನ್ನು ಒಡೆಸಬೇಕಿತ್ತೇ ಅನ್ನಿಸಿತ್ತು. ಕಂಬದ ತುದಿಯಲ್ಲಿ ತೂಗುತ್ತಿದ್ದಷ್ಟು ದಿನ ಎಲ್ಲರೂ ತಲೆಯೆತ್ತಿ ನೋಡಿದರು, ಅದರಿಂದ ಒಬ್ಬರಿಗೂ ಒಂದು ತುತ್ತು ಸಿಕ್ಕಿರಲಿಲ್ಲ. ಚೂರಾದ ಮೇಲೆ ಅದು ಕಣ್ಣಿಗೆ ಹಚ್ಚುವ ಮದ್ದಿಗೆ ಸೇರಿತು.

ಆ ಅಮ್ಮನಿಗೆ ಈ ಕಥೆ ಓದಿ ಹೇಳಿದೆ. "ಒಡೆದದ್ದು ಸರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಕಡೆದೋನ ಹೆಸರು ಇದ್ರಲ್ಲೂ ಇಲ್ಲ, ನೋಡು" ಅಂದರು. ಹುಡುಕಿದೆ. ನಿಜ, ಶ್ರೇಷ್ಠಿ ಮಾಡಿಸಿದ ಎಂದಿದೆ, ಮಾಡಿದವನ ಹೆಸರಿಲ್ಲ.

ವೀಡಿಯೋದ ಕೆಳಗೆ ನಾನು ಹಾಕಿದ್ದ ಕೈಮುಗಿದ ಚಿತ್ರವನ್ನು ತೆಗೆದಿಲ್ಲ. ಅದು ಆ ಬಡಗಿಯ ಕೈಗೆ ಇರಲಿ.

ಬರುವ ಭಾನುವಾರ ಸತಿಪಟ್ಠಾನ ಸುತ್ತದ ಮೊದಲ ಭಾಗವನ್ನು ಒಟ್ಟಿಗೆ ಓದೋಣ. ಮಕ್ಕಳನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ.