ಗೋರಿ ಇಲ್ಲದವರ ನೆನಪು

ಬೆಳಗಾವಿಯಿಂದ ಪುಣೆಯ ಹೆದ್ದಾರಿ ಹಿಡಿದವರಿಗೆ ಕಾಕತಿ ಸಿಗುತ್ತದೆ. ಕಿತ್ತೂರಿನ ರಾಣಿ ಚೆನ್ನಮ್ಮ ಹುಟ್ಟಿದ ಊರು. 1829ರಲ್ಲಿ ಬ್ರಿಟಿಷರ ಸೆರೆಯಲ್ಲೇ ಆಕೆ ತೀರಿಕೊಂಡ ಬೈಲಹೊಂಗಲದಲ್ಲಿ ಸಮಾಧಿಯಿದೆ. ಹುಟ್ಟಿದ ಊರೂ ಗೊತ್ತು, ಮಣ್ಣಾದ ಜಾಗವೂ ಗೊತ್ತು. ಅದೇ ರಸ್ತೆ ಮುಂದೆ ಮುಂಬಯಿಯ ಕಡೆಗೆ ಸಾಗುತ್ತದೆ. ಅಲ್ಲಿನ ಬಂದರಿನಿಂದ ಯುದ್ಧಕಾಲದಲ್ಲಿ ಹಡಗು ಹತ್ತಿ ಕಡಲಲ್ಲೇ ಉಳಿದವರನ್ನು ನಾವು ಎಲ್ಲಿ ನಿಂತು ನೆನೆಯಬೇಕು?

ಲಂಡನ್ನಿನ ಫ್ರೀಮೇಸನ್ನರು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡರು. ಮೊದಲ ಮಹಾಯುದ್ಧದಲ್ಲಿ ಮಡಿದ ತಮ್ಮ 3,225 ಮಂದಿಯ ನೆನಪಿಗೆಂದು ಕಟ್ಟಿದ ಭವನ 1933ರಲ್ಲಿ ಪೂರ್ಣಗೊಂಡಿತು. ಹೆಸರುಗಳ ಸುರುಳಿ ಅಲ್ಲಿ ಕಂಚಿನ ಪೆಟ್ಟಿಗೆಯೊಂದರಲ್ಲಿದೆ. ಜೊಂಡಿನ ನಡುವೆ ತಂಗಿದ ದೋಣಿಯ ಮೇಲೆ ಆ ಪೆಟ್ಟಿಗೆಯನ್ನಿಟ್ಟಿದ್ದಾರೆ. ಈ ಸಂಘದ ಗುಟ್ಟಿನ ಬಗ್ಗೆ ನಮ್ಮಲ್ಲಿ ಸಂಶಯಗಳು ಬಹಳ, ಕಟ್ಟುಕತೆಗಳೂ ಕಮ್ಮಿಯಿಲ್ಲ. ಆದರೂ ತಮ್ಮ ಸತ್ತವರನ್ನು ಎಣಿಸಿ ಹೆಸರು ಬರೆದಿಟ್ಟ ನಿಷ್ಠೆಯನ್ನು ಒಪ್ಪಲೇಬೇಕು. ಅದು ಸದಸ್ಯರ ಪಟ್ಟಿ ಎಂಬುದು ನಿಜ. ಹಡಗಿನ ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದ ಖಲಾಸಿಗೆ ಅದರಲ್ಲಿ ಜಾಗವಿಲ್ಲ.

ಆದರೆ ಅವನನ್ನು ನಾವಾದರೂ ನೆನೆದೆವೇ? ಅದೇ ಯುದ್ಧದಲ್ಲಿ ಮಡಿದು, ಕಡಲಲ್ಲದೆ ಬೇರೆ ಗೋರಿಯಿಲ್ಲದ ಎರಡು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಸ್ಮಾರಕ ಮುಂಬಯಿಯ ಮಸ್ಜಿದ್ ಬಂದರಿನ ನಾವಿಕರ ಗೃಹದಲ್ಲಿದೆ. ಬಿಳಿಯರಿಗಿಂತ ತೀರಾ ಕಡಿಮೆ ಸಂಬಳಕ್ಕೆ ದುಡಿದ ಈ ಖಲಾಸಿಗಳಲ್ಲಿ ಮುಸ್ಲಿಮರು ಬಹಳ. ಅಲ್ಲಿ ನಿಂತು ದುಆ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿ?

ಹೆಸರು ಬರೆದಿಡುವುದು ಬರೀ ಸತ್ತವರಿಗೆ ತೋರುವ ಗೌರವವಲ್ಲ. ಹಡಗು ಮುಳುಗಿತು, ಇಂಥವನು ಸತ್ತ ಎಂಬ ಖಚಿತ ಸುದ್ದಿ ಬಂದ ಮನೆಯಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಆಚರಿಸುತ್ತಾಳೆ, ಆಸ್ತಿ ಪಾಲಾಗುತ್ತದೆ. ಸುದ್ದಿಯೇ ಬಾರದಿದ್ದರೆ ಅವನು ಫಿಕ್ಹ್‌ನ ಮಾತಿನಲ್ಲಿ ‘ಮಫ್ಕೂದ್’, ಅಂದರೆ ಕಾಣೆಯಾದವನು. ಹನಫಿ ಮದ್‌ಹಬ್‌ನ ಪ್ರಕಾರ ಅವನ ಓರಗೆಯವರೆಲ್ಲ ತೀರಿಹೋಗುವವರೆಗೂ ಅವಳು ಕಾಯಬೇಕಿತ್ತು. ಇಪ್ಪತ್ತರ ಹುಡುಗಿ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ ಎಂಬಂತೆ ಮುದುಕಿಯಾಗಬೇಕು! ಕಡೆಗೆ ಉಲಮಾಗಳು ನಾಲ್ಕು ವರ್ಷ ಸಾಕೆಂಬ ಮಾಲಿಕಿ ಅಭಿಪ್ರಾಯದತ್ತ ತಿರುಗಿದರು. 1939ರ ಮುಸ್ಲಿಮ್ ವಿವಾಹ ವಿಸರ್ಜನೆ ಕಾಯ್ದೆ, ನಾಲ್ಕು ವರ್ಷ ಸುಳಿವಿಲ್ಲದ ಗಂಡನಿಂದ ಬಿಡುಗಡೆ ಕೇಳುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿತು.

ಆ ವೇಳೆಗೆ ಮೊದಲ ಯುದ್ಧ ಮುಗಿದು 20 ವರ್ಷ ಕಳೆದಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎರಡನೆಯದು ಶುರುವಾಯಿತು. ಖಲಾಸಿಗಳು ಮತ್ತೆ ಹಡಗು ಹತ್ತಿದರು.