ಎಂಟು ವರ್ಷದ ಬಾಲಕನ ಸಿಂಫನಿ

ಹಿರಿಯ ಕಲಾವಿದರ ಎಳವೆಯ ಕೃತಿಗೆ ನಾವು ತೋರುವ ಆದರ ಯಾರಿಗೆ ಸಲ್ಲುತ್ತದೆ? ಅದನ್ನು ರಚಿಸಿದ ಎಳೆಯ ಜೀವಕ್ಕೋ, ಮುಂದೆ ಬಂದ ಕೀರ್ತಿಗೋ? ಕುವೆಂಪು ಅವರ ಮೊದಲ ಸಂಕಲನ ‘ಬಿಗಿನರ್ಸ್ ಮ್ಯೂಸ್’ 1922ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಇಂದು ಅದನ್ನು ನೆನೆಯುವವರು ಬಹುಮಟ್ಟಿಗೆ ಕವಿಗಾಗಿ ನೆನೆಯುತ್ತಾರೆ, ಕವಿತೆಗಾಗಿ ಅಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಇದೇ ಪ್ರಶ್ನೆಯನ್ನು ಮೊಜಾರ್ಟನ ಮೊದಲ ಸಿಂಫನಿ ಎತ್ತುತ್ತದೆ.

1764ರಲ್ಲಿ ಲಂಡನ್ನಿನಲ್ಲಿ ತಂದೆ ಲಿಯೊಪೋಲ್ಡ್ ಕಾಯಿಲೆ ಬಿದ್ದಿದ್ದ. ಮನೆಯಲ್ಲಿ ವಾದ್ಯ ನುಡಿಸುವಂತಿರಲಿಲ್ಲ. ಎಂಟು ವರ್ಷದ ಮಗ ಆ ನಿಶ್ಶಬ್ದದಲ್ಲಿ ಸಿಂಫನಿ ಬರೆಯಲು ಕುಳಿತ. ಹಾರ್ನ್ ಎಂಬ ಕೊಂಬಿಗೆ ಒಳ್ಳೆಯ ಕೆಲಸ ಕೊಡಬೇಕು, ನೆನಪಿಸು ಎಂದು ಆ ದಿನಗಳಲ್ಲಿ ತಮ್ಮ ತನಗೆ ಹೇಳಿದ್ದನ್ನು ಅಕ್ಕ ನಾನರ್ಲ್ ಎಷ್ಟೋ ವರ್ಷಗಳ ಬಳಿಕವೂ ಮರೆತಿರಲಿಲ್ಲ. ಪಿಟೀಲು ಬಳಗ, ಎರಡು ಓಬೋ, ಎರಡು ಕೊಂಬು, ಭಾಗಗಳು ಮೂರು. ಆಗ ಲಂಡನ್ನಿನಲ್ಲಿದ್ದ ಯೋಹಾನ್ ಕ್ರಿಶ್ಚಿಯನ್ ಬಾಖನ ಛಾಯೆ ಅದರ ಮೇಲೆ ದಟ್ಟವಾಗಿದೆ. ಹಸ್ತಪ್ರತಿಯಲ್ಲಿ ತಂದೆಯ ತಿದ್ದುಪಡಿಗಳೂ ಇವೆ.

ನಡುವಣ ವಿಳಂಬ ಭಾಗದಲ್ಲಿ ಕೊಂಬು ನಾಲ್ಕು ದೀರ್ಘ ಸ್ವರಗಳನ್ನು ಹಿಡಿಯುತ್ತದೆ. ನಮ್ಮ ಹೆಸರಿನಲ್ಲಿ ಹೇಳುವುದಾದರೆ ಸ, ರಿ, ಮ, ಗ. ಇಪ್ಪತ್ತನಾಲ್ಕು ವರ್ಷಗಳ ತರುವಾಯ, 1788ರಲ್ಲಿ, ಅವನ ಕಟ್ಟಕಡೆಯ ಸಿಂಫನಿ ‘ಜುಪಿಟರ್’ನ ಅಂತಿಮ ಭಾಗ ತೊಡಗುವುದೂ ಇದೇ ನಾಲ್ಕರಿಂದ. ರಸಿಕರು ಬೀಜದಲ್ಲೇ ವೃಕ್ಷವನ್ನು ಕಂಡೆವೆಂದು ಹಿಗ್ಗುತ್ತಾರೆ. ನಾವು ಅಷ್ಟು ಸುಲಭವಾಗಿ ಒಪ್ಪಲಾರೆವು. ಆ ಸ್ವರಸಾಲು ಆ ಕಾಲದ ಸಂಗೀತಗಾರರೆಲ್ಲರ ಸಾಮಾನ್ಯ ಸೊತ್ತಾಗಿತ್ತು. ಅಲ್ಲದೆ 1765ರಲ್ಲಿ ಹೇಗ್ ನಗರದಲ್ಲಿ ಬಾಲಕ ವಿಷಮಜ್ವರದಿಂದ ಸಾವಿನ ಅಂಚಿಗೆ ಹೋಗಿ ಬಂದ. ಅಂದು ಉಳಿಯದಿದ್ದರೆ ಈ ನಾಲ್ಕು ಸ್ವರಗಳು ಯಾರಿಗೂ ಶಕುನವಾಗುತ್ತಿರಲಿಲ್ಲ. ಆದರೆ ಪಿಟೀಲುಗಳ ಮಿಡಿತದ ನಡುವೆ ಕೊಂಬಿನ ಆ ಗಂಭೀರ ನಾದ ಈಗಿನಷ್ಟೇ ಚೆಲುವಾಗಿರುತ್ತಿತ್ತು. ಕೃತಿಯ ಉಳಿದ ಭಾಗ, ನಿಜ ಹೇಳಬೇಕೆಂದರೆ, ಜಾಣ ಹುಡುಗನ ಅಭ್ಯಾಸ.

ಸೊರಡಿಯಲ್ಲಿ ಕುಳಿತು ಇದನ್ನು ಯೋಚಿಸಲು ನಮಗೆ ಕಾರಣವಿದೆ. ಜತ್ತ ತಾಲೂಕಿನಂಥ ಗಡಿಸೀಮೆಯಲ್ಲಿ ಮನೆಮಾತು ಕನ್ನಡವಾಗಿ, ಆಡಳಿತದ ಮಾತು ಮರಾಠಿಯಾಗಿ ಬೆಳೆಯುವ ಮಗು ಕನ್ನಡದಲ್ಲೊಂದು ಕವಿತೆ ಓದಿದರೆ, ಮುಂದೆ ದೊಡ್ಡ ಕವಿಯಾಗು ಎಂದು ಹಿರಿಯರು ಹರಸುತ್ತೇವೆ. ಹರಕೆ ಒಳ್ಳೆಯದೇ. ಆದರೆ ಅದರಲ್ಲಿ ಇಂದಿನ ಕವಿತೆಯನ್ನು ನಾಳೆಯ ಕೀರ್ತಿಗೆ ಒತ್ತೆಯಿಟ್ಟಂತಾಗುತ್ತದೆ. ಮುಂದೆ ಒಂದು ಸಾಲನ್ನೂ ಬರೆಯದೆ ಒಕ್ಕಲುತನಕ್ಕೋ ನೌಕರಿಗೋ ಹೋಗುವವರೇ ಹೆಚ್ಚು. ಅವರು ಅಂದು ಓದಿದ್ದು ಹುಸಿಯಾಯಿತೇ?

ಲಿಯೊಪೋಲ್ಡ್ ಮಗನನ್ನು ಊರೂರು ತಿರುಗಿಸಿ ಮೆರೆಸಿದನೆಂಬ ಆಕ್ಷೇಪ ಇದ್ದೇ ಇದೆ. ಆದರೂ ಹಾಳೆ ಕೈಗೆ ಬಂದಾಗ ಅವನು ಲೇಖನಿ ಹಿಡಿದು, ಸ್ವರ ಸ್ವರವನ್ನೂ ನೋಡಿ, ತಪ್ಪಿದಲ್ಲಿ ತಿದ್ದಿದ.